ಜೆಸ್ಸಿ ಪೆನಿಂಗ್ಟನ್ ಆವತ್ತು ಕಾಲು ಅಡ್ಡ ಕೊಡಬೇಕಿತ್ತಾ?

ಹಳೇ ಸ್ಕೋರ್‌ಬೋರ್ಡ್

ಇಲ್ಲಿ ದಿನಾ ಕ್ರಿಕೆಟ್ ಮಾತು ಇದ್ದೇ ಇರುತ್ತದೆ. ಇವತ್ತು ನೂರು ವರ್ಷಕ್ಕೂ ಹಿಂದಿನ ಒಬ್ಬ ಇಂಗ್ಲಿಷ್ ಫುಟ್‌ಬಾಲ್ ಆಟಗಾರನ ವಿಷಯ ತರುತ್ತಿದ್ದೇನೆ. ಬಹಳ ದಿನದಿಂದ ತಲೆಯಲ್ಲಿ ಕೂತಿದ್ದಾನೆ, ಇಳಿಯುತ್ತಿಲ್ಲ.

1912ರ ಏಪ್ರಿಲ್ 24. ಶೆಫೀಲ್ಡಿನ ಬ್ರಾಮಲ್ ಲೇನ್ ಮೈದಾನ. ಇಂಗ್ಲೆಂಡಿನ ಕ್ಲಬ್‌ಗಳ ನಾಕೌಟ್ ಟೂರ್ನಮೆಂಟ್ ಎಫ್‌ಎ ಕಪ್‌ನ ಫೈನಲ್. ನಾಲ್ಕು ದಿನ ಮುಂಚೆ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಆಡಿದಾಗ 0-0 ಆಗಿತ್ತು. ಅದಕ್ಕೇ ಇಲ್ಲಿ ಮತ್ತೆ ಆಟ. ಒಂದು ಕಡೆ ಫಸ್ಟ್ ಡಿವಿಷನ್ನಿನ ವೆಸ್ಟ್ ಬ್ರಾಮಿಚ್ ಆಲ್ಬಿಯನ್. ಇನ್ನೊಂದು ಕಡೆ ಸೆಕೆಂಡ್ ಡಿವಿಷನ್ನಿನ ಬಾರ್ನ್ಸ್ಲಿ. 90 ನಿಮಿಷ ಮುಗಿದರೂ ಗೋಲ್ ಇಲ್ಲ. ಹೆಚ್ಚುವರಿ ಕೊಟ್ಟ ಅರ್ಧ ಗಂಟೆಯೂ ಮುಗಿಯುತ್ತಾ ಬಂತು. ಇನ್ನೇನು ಎರಡು ನಿಮಿಷ ಬಾಕಿ. ಆಗ ಬಾರ್ನ್ಸ್ಲಿಯ ಹ್ಯಾರಿ ಟಫ್ನೆಲ್ ಮೈದಾನದ ನಡುಭಾಗದಿಂದ ಚೆಂಡು ತಗೊಂಡು ಓಡಿದ. ಆಲ್ಬಿಯನ್‌ನ ಲೆಫ್ಟ್ ಬ್ಯಾಕ್, ಅಂದರೆ ಹಿಂದೆ ಎಡಗಡೆ ನಿಂತು ಗೋಲ್ ಆಗದಂತೆ ತಡೆಯುವವನು, ಜೆಸ್ಸಿ ಪೆನಿಂಗ್ಟನ್ ಪಕ್ಕದಲ್ಲೇ ಇದ್ದ. ಕಾಲು ಅಡ್ಡ ಕೊಟ್ಟು ಬೀಳಿಸಬಹುದಿತ್ತು. ಬೀಳಿಸಲಿಲ್ಲ. ಟಫ್ನೆಲ್ ಮುಂದೆ ಹೋಗಿ ಗೋಲ್ ಹೊಡೆದ. 1-0. ಕಪ್ ಬಾರ್ನ್ಸ್ಲಿಗೆ ಹೋಯಿತು.

ಪೆನಿಂಗ್ಟನ್ ಆಲ್ಬಿಯನ್ ಪರವಾಗಿ 1903ರಿಂದ 1922ರವರೆಗೆ ಆಡಿದ. ಲೀಗಿನಲ್ಲೇ 455 ಪಂದ್ಯ, ಕಪ್ ಪಂದ್ಯ ಎಲ್ಲಾ ಸೇರಿಸಿದರೆ 496. ಇಂಗ್ಲೆಂಡಿಗೆ 25 ಪಂದ್ಯ. ಇಷ್ಟು ವರ್ಷದಲ್ಲಿ ಅವನು ಆಡಿದ ಕಪ್ ಫೈನಲ್ ಅದೊಂದೇ. ಮತ್ತೆ ಆ ಅವಕಾಶ ಬರಲೇ ಇಲ್ಲ.

ಅವನು ಮಾಡಿದ್ದು ಸರಿ ಅಂತ ನನ್ನ ಅಭಿಪ್ರಾಯ. ನಿಮಗೇನನ್ನಿಸುತ್ತೆ ಹೇಳಿ.

ಗೌತಮಪುರದ ಬ್ಯಾಕ್

ಸರ್, ನಾನು ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಬ್ಯಾಕ್ ಆಡಿದವನು. ನಾನಾಗಿದ್ದರೆ ಬೀಳಿಸುತ್ತಿದ್ದೆ. ಇದರಲ್ಲಿ ಎರಡು ಮಾತಿಲ್ಲ.

ಆ ಕ್ಷಣ ಹೇಗಿರುತ್ತದೆ ಅಂತ ಹೇಳುತ್ತೇನೆ. ಫಾರ್ವರ್ಡ್ ಚೆಂಡನ್ನು ಎರಡು ಮೂರು ಗಜ ಮುಂದಕ್ಕೆ ತಳ್ಳುತ್ತಾನೆ. ತಳ್ಳುವಾಗ ಅವನ ಒಂದು ಕಾಲು ಗಾಳಿಯಲ್ಲಿರುತ್ತದೆ. ನೀವು ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಇರುತ್ತೀರಿ. ಅವನ ಉಸಿರು ಕೇಳುತ್ತಿರುತ್ತದೆ. ಇನ್ನೊಂದು ಹೆಜ್ಜೆ ಇಟ್ಟರೆ ಅವನು ನಿಮ್ಮನ್ನು ದಾಟಿಬಿಡುತ್ತಾನೆ ಅಂತ ನಿಮ್ಮ ಮೊಣಕಾಲಿಗೆ ಮೊದಲು ಗೊತ್ತಾಗುತ್ತದೆ, ತಲೆಗೆ ಆಮೇಲೆ. ಆಗ ಇರುವ ದಾರಿ ಎರಡೇ. ಅವನ ಹಿಂಗಾಲಿಗೆ ಸ್ವಲ್ಪ ತಾಗಿಸುವುದು, ಇಲ್ಲ ಬಿಡುವುದು. ಮುಂದೆ ಗೋಲಿ (ಗೋಲ್‌ಕೀಪರ್) ಒಬ್ಬನೇ ಇದ್ದಾನೆ, ಹಿಂದೆ ನಿಮ್ಮ ಒಂಬತ್ತು ಜನ ಹುಡುಗರು ಎರಡು ಗಂಟೆಯಿಂದ ಓಡಿ ಸುಸ್ತಾಗಿದ್ದಾರೆ. ಬಿಡುವುದಕ್ಕೆ ನನಗಂತೂ ಮನಸ್ಸು ಬರುವುದಿಲ್ಲ.

ಕಾಲು ಮುರಿಯಿರಿ ಅನ್ನುತ್ತಿಲ್ಲ. ಅಂಗಿ ಹಿಡಿದು ಎಳೆದರೂ ಸಾಕಿತ್ತು. ತಂಡಕ್ಕೋಸ್ಕರ ಅಷ್ಟು ಮಾಡುವುದು ಬ್ಯಾಕ್‌ನ ಕೆಲಸ.

ರೂಲ್‌ಬುಕ್

ಗೌತಮಪುರದ ಅಣ್ಣಾ, ನಿಮ್ಮ ಮಾತಿಗೆ ಆ ಕಾಲದ ನಿಯಮವೂ ಬಲ ಕೊಡುತ್ತದೆ. ಅದಕ್ಕೇ ಈ ಘಟನೆ ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ.

ಇವತ್ತು ಗೋಲ್ ಕಡೆ ಒಬ್ಬನೇ ನುಗ್ಗುತ್ತಿರುವವನನ್ನು ಬೇಕಂತಲೇ ಬೀಳಿಸಿದರೆ ರೆಡ್ ಕಾರ್ಡ್. ಆದರೆ ಆ ಕಟ್ಟುನಿಟ್ಟು ಬಂದಿದ್ದು 1990ರಲ್ಲಿ. 1912ರಲ್ಲಿ ಪೆನಾಲ್ಟಿ ಕಿಕ್ ಇತ್ತು, 1891ರಲ್ಲೇ ಬಂದಿತ್ತು. ಆದರೆ ಫೌಲ್ ಪೆನಾಲ್ಟಿ ಜಾಗದ ಒಳಗೆ ಆಗಿರಬೇಕು. ಹೊರಗೆ ಬೀಳಿಸಿದರೆ ಬರೀ ಒಂದು ಫ್ರೀ ಕಿಕ್. ಪೆನಿಂಗ್ಟನ್ ಹೊರಗೇ ಬೀಳಿಸಿದ್ದರೆ ಬಾರ್ನ್ಸ್ಲಿಗೆ ಒಂದು ಫ್ರೀ ಕಿಕ್ ಸಿಗುತ್ತಿತ್ತು. ಆಲ್ಬಿಯನ್‌ನವರೆಲ್ಲ ವಾಪಸ್ ಬಂದು ಗೋಡೆ ಕಟ್ಟಿ ನಿಲ್ಲುತ್ತಿದ್ದರು. ಎರಡು ನಿಮಿಷ ಕಳೆಯುತ್ತಿತ್ತು. ಇನ್ನೊಂದು ಮರುಪಂದ್ಯ.

1980ರ ಕಪ್ ಫೈನಲ್ ನೋಡಿ. ವೆಸ್ಟ್ ಹ್ಯಾಮ್‌ನ ಪಾಲ್ ಆ್ಯಲನ್ 17 ವರ್ಷದ ಹುಡುಗ. ಗೋಲ್ ಕಡೆ ಒಬ್ಬನೇ ಓಡುತ್ತಿದ್ದಾಗ ಆರ್ಸೆನಲ್‌ನ ವಿಲ್ಲಿ ಯಂಗ್ ಹಿಂದಿನಿಂದ ಬೀಳಿಸಿದ. ಸಿಕ್ಕಿದ್ದು ಹಳದಿ ಕಾರ್ಡ್ ಮಾತ್ರ. ಅಂದರೆ 68 ವರ್ಷ ಆದ ಮೇಲೂ ಇಂಥ ಫೌಲ್‌ಗೆ ತೆರಬೇಕಾದ ಬೆಲೆ ಅಷ್ಟು ಕಮ್ಮಿ ಇತ್ತು. ಪೆನಿಂಗ್ಟನ್‌ಗೆ ಬೀಳಿಸಿದರೆ ಕಳೆದುಕೊಳ್ಳುವುದು ಏನೂ ಇರಲಿಲ್ಲ.

ಸುಮ್ನೆ ಕೇಳ್ತೀನಿ

ನನಗೆ ಫುಟ್‌ಬಾಲ್ ಅಷ್ಟಕ್ಕಷ್ಟೇ. ಒಂದು ಪ್ರಶ್ನೆ. 496 ಪಂದ್ಯದಲ್ಲಿ ಎಷ್ಟು ಗೋಲ್ ಹೊಡೆದಿದ್ದಾರೆ ಇವರು? ಅಷ್ಟೆಲ್ಲ ಆಡಿದ್ದಾರೆ ಅಂದ ಮೇಲೆ ಸುಮಾರು ಇರಬೇಕಲ್ವಾ?

ಹಳೇ ಸ್ಕೋರ್‌ಬೋರ್ಡ್

ಒಂದೂ ಇಲ್ಲ! ಆಲ್ಬಿಯನ್‌ಗಾಗಿ 496 ಪಂದ್ಯ, ಗೋಲ್ ಸೊನ್ನೆ. ಇಂಗ್ಲೆಂಡ್ ಪರವಾಗಿ 25 ಪಂದ್ಯ, ಅಲ್ಲೂ ಸೊನ್ನೆ.

ಇವನ ಬಗ್ಗೆ ಮೊದಲು ಓದಿದಾಗ ನಾನೂ ಅಚ್ಚು ತಪ್ಪಿರಬೇಕು ಅಂದುಕೊಂಡಿದ್ದೆ. ಆದರೆ ಆಗಿನ ಬ್ಯಾಕ್‌ಗಳ ಕೆಲಸ ಬೇರೆಯೇ ಇತ್ತು. ರೂಲ್‌ಬುಕ್ ಅವರು ನನಗಿಂತ ಚೆನ್ನಾಗಿ ಹೇಳುತ್ತಾರೆ.

ರೂಲ್‌ಬುಕ್

ಹೇಳುತ್ತೇನೆ.

ಈಗಿನ ಲೆಫ್ಟ್ ಬ್ಯಾಕ್ ಅಂಚಿನಲ್ಲಿ ಮೇಲೆ ಕೆಳಗೆ ಓಡುತ್ತಾನೆ, ಕ್ರಾಸ್ ಕೊಡುತ್ತಾನೆ, ಅರ್ಧ ವಿಂಗರ್ (ಅಂಚಿನಲ್ಲಿ ಆಡುವ ಫಾರ್ವರ್ಡ್) ಅವನು. ಆಗ ಹಾಗಲ್ಲ. ತಂಡ ನಿಲ್ಲುತ್ತಿದ್ದದ್ದು 2-3-5. ಹಿಂದೆ ಇಬ್ಬರೇ ಬ್ಯಾಕ್. ಅವರ ಮುಂದೆ ಮೂರು ಜನ ಹಾಫ್ ಬ್ಯಾಕ್. ಮುಂದೆ ಐದು ಜನ ಫಾರ್ವರ್ಡ್. ಎದುರಾಳಿಯ ವಿಂಗರ್‌ನನ್ನು ನೋಡಿಕೊಳ್ಳುವುದು ಹೆಚ್ಚಾಗಿ ಹಾಫ್ ಬ್ಯಾಕ್‌ಗಳ ಪಾಲು. ಇಬ್ಬರು ಬ್ಯಾಕ್‌ಗಳು ಗೋಲಿನ ಮುಂದಿನ ಜಾಗ ಕಾಯಬೇಕು. ಅವರು ಮುಂದೆ ಹೋದರೆ ಮನೆ ಬಾಗಿಲು ತೆರೆದಿಟ್ಟ ಹಾಗೆ.

ಆಫ್‌ಸೈಡ್ ನಿಯಮವೂ ಬೇರೆ. ಮುಂದಿರುವ ಫಾರ್ವರ್ಡ್‌ಗೆ ಚೆಂಡು ಪಾಸ್ ಮಾಡುವಾಗ ಅವನಿಗೂ ಗೋಲಿಗೂ ನಡುವೆ ಸಾಕಷ್ಟು ಎದುರಾಳಿಗಳಿಲ್ಲದಿದ್ದರೆ ಅದು ಆಫ್‌ಸೈಡ್, ಆಟ ನಿಲ್ಲಿಸುತ್ತಾರೆ. ಈಗ ಫಾರ್ವರ್ಡ್‌ನ ಮುಂದೆ ಎದುರಾಳಿಗಳು, ಗೋಲ್‌ಕೀಪರ್ ಸೇರಿ, ಇಬ್ಬರಿದ್ದರೆ ಸಾಕು. 1925ರವರೆಗೆ ಮೂವರು ಇರಬೇಕಿತ್ತು. ಅಂದರೆ ಗೋಲಿ ಬಿಟ್ಟು ಇಬ್ಬರು ಬ್ಯಾಕ್‌ಗಳೂ ಇರಬೇಕು. ಇದರ ಅರ್ಥ ಏನು ಗೊತ್ತಾ? ಒಬ್ಬ ಬ್ಯಾಕ್ ನಾಲ್ಕು ಹೆಜ್ಜೆ ಮುಂದೆ ಬಂದರೆ ಸಾಕು, ಫಾರ್ವರ್ಡ್ ಆಫ್‌ಸೈಡ್. ಇನ್ನೊಬ್ಬ ಹಿಂದೆಯೇ ಇದ್ದು ಕಾಯಬಹುದು. ನ್ಯೂಕಾಸಲ್‌ನಲ್ಲಿ ಬಿಲ್ ಮೆಕ್ರಾಕೆನ್ ಅಂತ ಐರ್ಲೆಂಡಿನ ಬ್ಯಾಕ್ ಇದ್ದ. ಈ ಆಟದಲ್ಲಿ ಪಳಗಿದವನು. ಎದುರಾಳಿ ಊರಿನ ಜನಕ್ಕೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. 1925ರಲ್ಲಿ ಮೂರು ಇದ್ದದ್ದನ್ನು ಎರಡು ಮಾಡಿದ ಮೊದಲ ಸೀಸನ್ನಿನಲ್ಲೇ ಲೀಗಿನ ಗೋಲುಗಳು 4,700ರಿಂದ 6,373ಕ್ಕೆ ಏರಿದವು.

ಅಂದಹಾಗೆ ಬೆನ್ನ ಮೇಲೆ ನಂಬರ್ ಇರಲಿಲ್ಲ. ಲೀಗಿನಲ್ಲಿ ನಂಬರ್ ಕಡ್ಡಾಯವಾದದ್ದು 1939ರಲ್ಲಿ. ಲೆಫ್ಟ್ ಬ್ಯಾಕ್ ಅಂದರೆ 3 ಅನ್ನುವುದು ಪೆನಿಂಗ್ಟನ್‌ಗೆ ಗೊತ್ತೇ ಇರಲಿಲ್ಲ.

ಬರ್ಮಿಂಗ್‌ಹ್ಯಾಮ್ ಕನ್ನಡತಿ

ಈ ಚರ್ಚೆ ನೋಡಿ ಖುಷಿಯಾಯಿತು. ನಾನು ಇರುವುದು ಹ್ಯಾಂಡ್ಸ್‌ವರ್ತ್‌ನಲ್ಲಿ. ಆಲ್ಬಿಯನ್ ಮೈದಾನ ಹಾಥಾರ್ನ್ಸ್ ನಮ್ಮ ಮನೆಗೆ ತುಂಬ ಹತ್ತಿರ. ಕೆಲಸಕ್ಕೆ ಹೋಗುವಾಗ ಟ್ರ್ಯಾಮ್ ಅದರ ಪಕ್ಕದಲ್ಲೇ ನಿಲ್ಲುತ್ತದೆ. ಹತ್ತು ವರ್ಷದಿಂದ ನೋಡುತ್ತಿದ್ದೇನೆ, ಪೆನಿಂಗ್ಟನ್ ಹೆಸರು ಮಾತ್ರ ಇವತ್ತೇ ಕೇಳಿದ್ದು.

ಇಲ್ಲಿಯ ಪ್ರೊಫೆಷನಲ್ ಲೀಗ್ ಮೈದಾನಗಳಲ್ಲೆಲ್ಲ ಸಮುದ್ರ ಮಟ್ಟದಿಂದ ಹೆಚ್ಚು ಎತ್ತರದಲ್ಲಿರುವುದು ಇದೇ. ಸುಮಾರು 551 ಅಡಿ. ಬೆಂಗಳೂರಿನವರಿಗೆ ಇದೇನು ಎತ್ತರ ಅನ್ನಿಸಬಹುದು. ಆದರೆ ಜನವರಿಯಲ್ಲಿ ಬೀಸುವ ಗಾಳಿಗೆ ಕಿವಿ ಮರಗಟ್ಟುತ್ತದೆ. 1900ರಲ್ಲಿ ಶುರುವಾದ ಮೈದಾನ. ಅಂದರೆ ಪೆನಿಂಗ್ಟನ್ ಬಂದಾಗ ಅದಕ್ಕೆ ಮೂರೇ ವರ್ಷ.

ಈ ಊರುಗಳಿಗೆ ಬ್ಲ್ಯಾಕ್ ಕಂಟ್ರಿ ಅನ್ನುತ್ತಾರೆ. ಕಲ್ಲಿದ್ದಲು, ಕಬ್ಬಿಣ, ಕುಲುಮೆ. ಆಲ್ಬಿಯನ್ ಕ್ಲಬ್ಬನ್ನು 1878ರಲ್ಲಿ ಕಟ್ಟಿದ್ದು ಸಾಲ್ಟರ್ ಅನ್ನುವ ಸ್ಪ್ರಿಂಗ್ ಫ್ಯಾಕ್ಟರಿಯ ಕೆಲಸಗಾರರು. ಪೆನಿಂಗ್ಟನ್ ಹುಟ್ಟಿದ್ದೂ ವೆಸ್ಟ್ ಬ್ರಾಮಿಚ್‌ನಲ್ಲೇ ಅಲ್ವಾ?

ಹಳೇ ಸ್ಕೋರ್‌ಬೋರ್ಡ್

ಹೌದು ಮೇಡಂ, 1883ರ ಆಗಸ್ಟ್ 23ರಂದು ವೆಸ್ಟ್ ಬ್ರಾಮಿಚ್‌ನಲ್ಲೇ. ಊರ ಹುಡುಗ.

ಮೊದಲ ಸೀಸನ್ನೇ ಅವನಿಗೆ ಕಹಿ. 1903-04ರಲ್ಲಿ ಆಲ್ಬಿಯನ್ ಪಟ್ಟಿಯ ಕೊನೆಗೆ ಬಿದ್ದು ಸೆಕೆಂಡ್ ಡಿವಿಷನ್‌ಗೆ ಇಳಿಯಿತು. ಅಲ್ಲಿಂದ ಮೇಲೆ ಬರುವುದಕ್ಕೆ ಏಳು ಸೀಸನ್ ಬೇಕಾಯಿತು. 1910-11ರಲ್ಲಿ ಸೆಕೆಂಡ್ ಡಿವಿಷನ್ ಗೆದ್ದು ವಾಪಸ್ ಬಂತು. ಈ ಏಳು ವರ್ಷ ಇದ್ದದ್ದು ಅವನ ಒಳ್ಳೇ ಪ್ರಾಯದಲ್ಲಿ. ಆದರೂ 1907ರ ಮಾರ್ಚ್‌ನಲ್ಲಿ ವೇಲ್ಸ್ ವಿರುದ್ಧ ಇಂಗ್ಲೆಂಡ್ ತಂಡಕ್ಕೆ ಕರೆ ಬಂತು. ಕೆಳಗಿನ ಡಿವಿಷನ್ನಿನ ಬ್ಯಾಕ್‌ನನ್ನು ದೇಶದ ತಂಡಕ್ಕೆ ಕರೆದರು ಅಂದರೆ ಅವನ ಆಟ ಎಂಥದ್ದಿರಬೇಕು ಲೆಕ್ಕ ಹಾಕಿ. ಜನ ಅವನಿಗೆ 'ಸಾಟಿಯಿಲ್ಲದವನು' ಅಂತಲೇ ಅಡ್ಡಹೆಸರು ಇಟ್ಟಿದ್ದರು.

ಈಗ ಎರಡನೇ ಕಥೆಗೆ ಬರುತ್ತೇನೆ. ನನಗೆ ಕಪ್ ಫೈನಲ್‌ಗಿಂತ ಇದೇ ಜಾಸ್ತಿ ಮುಖ್ಯ.

1913ರ ನವೆಂಬರ್. ಆಲ್ಬಿಯನ್‌ಗೆ ಎವರ್ಟನ್ ಜೊತೆ ಪಂದ್ಯ ಇತ್ತು. ಅದಕ್ಕೆ ಮುಂಚೆ ಒಬ್ಬ ಮನುಷ್ಯ ಪೆನಿಂಗ್ಟನ್ ಹತ್ತಿರ ಬಂದ. ಹೇಳಿಕೊಂಡದ್ದು ಸುಳ್ಳು ಹೆಸರು. ನಿಜವಾದ ಹೆಸರು ಪ್ಯಾಸ್ಕೋ ಬಯೊಲೆಟ್ಟಿ. ಆಲ್ಬಿಯನ್ ಸೋತರೂ ಸರಿ, ಡ್ರಾ ಆದರೂ ಸರಿ, ಗೆಲ್ಲಬಾರದು. ಹಾಗಾದರೆ 55 ಪೌಂಡ್ ಕೊಡುತ್ತೇನೆ ಅಂದ. ಹನ್ನೊಂದು ಆಟಗಾರರು, ತಲೆಗೆ ಐದು ಪೌಂಡ್.

ಪೆನಿಂಗ್ಟನ್ ಅವನ ಮುಖದ ಮೇಲೆ ಕೂಗಾಡಲಿಲ್ಲ. ಒಪ್ಪಿದವನ ಹಾಗೆ ಮಾತಾಡಿದ. ಆಮೇಲೆ ಕ್ಲಬ್‌ನ ಸೆಕ್ರೆಟರಿ ಫ್ರೆಡ್ ಎವರಿಸ್ ಹತ್ತಿರ ಹೋಗಿ ಎಲ್ಲಾ ಹೇಳಿದ. ಅವರು ಪೊಲೀಸರಿಗೆ ತಿಳಿಸಿದರು. ನವೆಂಬರ್ 29ರಂದು ಪಂದ್ಯ ನಡೆಯಿತು. ಫಲಿತಾಂಶ 1-1.

ಇಲ್ಲಿ ಸ್ವಲ್ಪ ನಿಂತು ಯೋಚನೆ ಮಾಡಿ. ಡ್ರಾ! ಬಯೊಲೆಟ್ಟಿ ಕೇಳಿದ್ದು ಆಗೇ ಹೋಯಿತು. ಆಟಗಾರರು ಪ್ರಾಮಾಣಿಕವಾಗಿ ಆಡಿಯೇ 1-1 ಆದದ್ದು. ಪೆನಿಂಗ್ಟನ್ ಬಾಯಿ ಮುಚ್ಚಿಕೊಂಡಿದ್ದರೆ ಕೂಡ ಪಂದ್ಯ ಹೀಗೇ ಮುಗಿಯಬಹುದಿತ್ತು. ಯಾರಿಗೂ ಮೋಸ ಮಾಡದೆ 55 ಪೌಂಡ್ ಕೈಗೆ ಬರುತ್ತಿತ್ತು. ಬಯೊಲೆಟ್ಟಿ ದುಡ್ಡು ಕೊಡುವುದಕ್ಕೆ ಬಂದ. ಪೊಲೀಸರು ಕಾದಿದ್ದರು. 1914ರಲ್ಲಿ ಅವನಿಗೆ ಐದು ತಿಂಗಳು ಜೈಲು ಆಯಿತು.

ಕೂಲಿ ಲೆಕ್ಕ

ಐದು ಪೌಂಡ್ ಅಂದರೆ ಆಗ ಎಷ್ಟು ಅನ್ನುವುದನ್ನು ನಾನು ಹೇಳಬೇಕು. ಇಲ್ಲದಿದ್ದರೆ ಈ ಕಥೆಯ ತೂಕ ಗೊತ್ತಾಗುವುದಿಲ್ಲ.

1901ರಲ್ಲಿ ಫುಟ್‌ಬಾಲ್ ಆಡಳಿತ ಒಂದು ಮಿತಿ ಹಾಕಿತು. ಎಷ್ಟೇ ದೊಡ್ಡ ಆಟಗಾರನಾದರೂ ವಾರಕ್ಕೆ ನಾಲ್ಕು ಪೌಂಡ್‌ಗಿಂತ ಹೆಚ್ಚು ಕೊಡುವ ಹಾಗಿಲ್ಲ. 1910ರ ಹೊತ್ತಿಗೆ ಸ್ವಲ್ಪ ಸಡಿಲವಾಗಿ, ಬಹಳ ವರ್ಷ ಒಂದೇ ಕಡೆ ಇದ್ದವರಿಗೆ ಐದು ಪೌಂಡ್‌ವರೆಗೆ ಕೊಡಬಹುದಾಯಿತು. ಈ ಮಿತಿ ಪೂರ್ತಿ ಹೋದದ್ದು 1961ರಲ್ಲಿ. ಹಾಗಾಗಿ ಆ ಮನುಷ್ಯ ಮುಂದಿಟ್ಟದ್ದು ಇಂಗ್ಲೆಂಡಿನ ಅತಿ ಒಳ್ಳೆಯ ಆಟಗಾರನ ಒಂದು ವಾರದ ಸಂಬಳ. ಮಿಕ್ಕವರಿಗೆ ಅದಕ್ಕಿಂತ ಜಾಸ್ತಿ. ಹಾಥಾರ್ನ್ಸ್‌ಗೆ ಸಾವಿರಾರು ಜನ ಟಿಕೆಟ್ ತಗೊಂಡು ಬರುತ್ತಿದ್ದರು. ಗೇಟಿನ ದುಡ್ಡು ಎಷ್ಟೇ ಬಂದರೂ ಆಟಗಾರನಿಗೆ ಸಿಗುತ್ತಿದ್ದದ್ದು ಅಷ್ಟೇ.

ಇನ್ನೊಂದು ಕಟ್ಟೂ ಇತ್ತು. ಸೀಸನ್ ಮುಗಿದರೂ, ಕರಾರು ಮುಗಿದರೂ, ಕ್ಲಬ್ ಬಿಡದೆ ಲೀಗಿನ ಬೇರೆ ಕ್ಲಬ್‌ಗೆ ಹೋಗುವ ಹಾಗಿಲ್ಲ. ಇದರ ಬುಡ ಅಲುಗಾಡಿದ್ದು 1963ರಲ್ಲಿ, ಜಾರ್ಜ್ ಈಸ್ಟ್‌ಹ್ಯಾಮ್ ಕೋರ್ಟಿಗೆ ಹೋದ ಮೇಲೆ.

ಪೆನಿಂಗ್ಟನ್ ಬಗ್ಗೆ ಬರೆಯುವವರು ಒಂದು ವಿಷಯ ಬಿಟ್ಟುಬಿಡುತ್ತಾರೆ. ಅವನು ಕೊಟ್ಟಷ್ಟು ತಗೊಂಡು ಸುಮ್ನೆ ಇದ್ದವನಲ್ಲ. 1910ರಲ್ಲಿ ಹಣದ ವಿಷಯಕ್ಕೆ ಆಲ್ಬಿಯನ್ ಜೊತೆ ಜಗಳ ಆಯಿತು. ಅವನು ಸಹಿ ಹಾಕಲು ಒಪ್ಪಲಿಲ್ಲ. ಲೀಗಿನ ಹೊರಗಿದ್ದ ಕಿಡರ್‌ಮಿನ್‌ಸ್ಟರ್ ಹ್ಯಾರಿಯರ್ಸ್‌ಗೆ ಸಹಿ ಹಾಕಿಬಿಟ್ಟ. ಲೀಗಿನ ಹೊರಗಿನ ಕ್ಲಬ್ ಆದ್ದರಿಂದ ಆಲ್ಬಿಯನ್ ಹಿಡಿತ ಅಲ್ಲಿ ನಡೆಯುತ್ತಿರಲಿಲ್ಲ. ಆಮೇಲೆ ಮಾತುಕತೆಯಾಗಿ ವಾಪಸ್ ಬಂದ.

ಅಂದರೆ ಅವನಿಗೆ ದುಡ್ಡು ಬೇಕಿತ್ತು. ಬೇಕು ಅಂತ ಎದುರಿಗೆ ಕೂತು ಕೇಳಿದ. ಕೊಡದಿದ್ದಾಗ ಎದ್ದು ಹೋದ. ಮೂರು ವರ್ಷ ಆದ ಮೇಲೆ ಅದೇ ದುಡ್ಡು ಕದ್ದುಮುಚ್ಚಿ ಬಂದಾಗ ಪೊಲೀಸರನ್ನು ಕರೆಸಿದ. ನನಗೆ ಈ ಎರಡೂ ಒಂದೇ ಮನುಷ್ಯನ ಕೆಲಸವಾಗಿ ಕಾಣುತ್ತದೆ. ಅವನನ್ನು ಸಾಧು ಮಾಡಿ ಪೂಜೆಗೆ ಕೂರಿಸುವುದು ಬೇಡ. ತನ್ನ ಬೆಲೆ ತನಗೆ ಗೊತ್ತಿದ್ದ ಕೆಲಸಗಾರ ಅವನು.

ಸುಮ್ನೆ ಕೇಳ್ತೀನಿ

ಕೂಲಿ ಲೆಕ್ಕ ಸರ್, ಆಟಗಾರರಿಗೆ ಸಂಘ ಇರಲಿಲ್ಲವಾ? ಕಾರ್ಖಾನೆ ಕೆಲಸಗಾರರಿಗೆಲ್ಲ ಇತ್ತಲ್ಲ.

ಕೂಲಿ ಲೆಕ್ಕ

ಇತ್ತು. 1907ರ ಡಿಸೆಂಬರ್‌ನಲ್ಲಿ ಮ್ಯಾಂಚೆಸ್ಟರ್‌ನ ಇಂಪೀರಿಯಲ್ ಹೋಟೆಲ್‌ನಲ್ಲಿ ಸೇರಿ ಕಟ್ಟಿದರು. ಮುಂದಾಳುಗಳಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಬಿಲ್ಲಿ ಮೆರೆಡಿತ್ ಮತ್ತು ಚಾರ್ಲಿ ರಾಬರ್ಟ್ಸ್ ಇದ್ದರು. 1909ರಲ್ಲಿ ಆಡಳಿತ ಬಂದು, ಸಂಘ ಬಿಡಿ ಇಲ್ಲವಾದರೆ ಆಟ ಬಿಡಿ ಅಂತ ಪಟ್ಟು ಹಿಡಿಯಿತು. ಬಹಳ ಜನ ಹೆದರಿ ಬಿಟ್ಟರು. ಯುನೈಟೆಡ್ ಹುಡುಗರು ಬಿಡಲಿಲ್ಲ. 'ಬಹಿಷ್ಕೃತರು' ಅಂತ ಬೋರ್ಡ್ ಬರೆದು ಅದರ ಹಿಂದೆ ಕೂತು ಫೋಟೋ ತೆಗೆಸಿಕೊಂಡರು. ಕೊನೆಗೆ ಸಂಘ ಉಳಿಯಿತು, ಸಂಬಳದ ಮಿತಿಯೂ ಉಳಿಯಿತು.

ಸಂಬಳ ಕಟ್ಟಿಹಾಕಿದ ಕಡೆ ಬೆಟ್ಟಿಂಗ್‌ನವರು ಬಂದೇ ಬರುತ್ತಾರೆ. 1915ರ ಗುಡ್ ಫ್ರೈಡೇ ದಿನ ಓಲ್ಡ್ ಟ್ರ್ಯಾಫರ್ಡ್‌ನಲ್ಲಿ ಅದೇ ಆಯಿತು. ಯುನೈಟೆಡ್ ಲಿವರ್‌ಪೂಲ್‌ನ್ನು 2-0ಯಿಂದ ಸೋಲಿಸಿತು. ಅದೇ 2-0 ಮೇಲೆ ಒಂದಕ್ಕೆ ಏಳರಂತೆ ಬಹಳ ದುಡ್ಡು ಕಟ್ಟಿದ್ದರು. ಎರಡೂ ತಂಡದ ಆಟಗಾರರು ಮೊದಲೇ ಮಾತಾಡಿಕೊಂಡಿದ್ದರು ಅಂತ ವಿಚಾರಣೆಯಲ್ಲಿ ತೀರ್ಮಾನವಾಯಿತು. ಏಳು ಜನಕ್ಕೆ ಜೀವನಪೂರ್ತಿ ನಿಷೇಧ. ಅವರಲ್ಲಿ ಯುನೈಟೆಡ್‌ನ ಸ್ಯಾಂಡಿ ಟರ್ನ್‌ಬುಲ್ 1917ರಲ್ಲಿ ಯುದ್ಧದಲ್ಲಿ ಸತ್ತ. ಮಿಕ್ಕವರ ನಿಷೇಧ 1919ರಲ್ಲಿ ತೆಗೆದರು. ನಾನು ತಪ್ಪು ಮಾಡಿಲ್ಲ ಅಂತ ಕೊನೆವರೆಗೂ ವಾದ ಮಾಡಿದ ಈನಾಕ್ ವೆಸ್ಟ್‌ಗೆ ಮಾತ್ರ 1945ರವರೆಗೆ ತೆಗೆಯಲಿಲ್ಲ. ಆಗ ಅವನಿಗೆ ವಯಸ್ಸು ಐವತ್ತೊಂಬತ್ತು.

ಆ ಏಳು ಜನರ ಬಗ್ಗೆ ನನಗೆ ಕೋಪ ಬರುವುದಿಲ್ಲ. ಯುದ್ಧ ನಡೀತಿದೆ, ಲೀಗ್ ನಿಂತುಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು, ಮುಂದಿನ ವರ್ಷ ಸಂಬಳವೇ ಇಲ್ಲ. ಮನೆಯಲ್ಲಿ ಹೆಂಡತಿ ಮಕ್ಕಳು. ಹಾಗಂತ ಸರಿ ಅನ್ನುತ್ತಿಲ್ಲ. ಪೆನಿಂಗ್ಟನ್ ಬೇಡ ಅಂದದ್ದು ಎಂಥ ಗಾಳಿ ಬೀಸುತ್ತಿದ್ದ ಕಾಲದಲ್ಲಿ ಅಂತ ಹೇಳುತ್ತಿದ್ದೇನೆ.

ಗೌತಮಪುರದ ಬ್ಯಾಕ್

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ನನಗೂ ಒಂದು ಸಲ ಬಂದಿತ್ತು. ಟೂರ್ನಮೆಂಟ್ ಹೆಸರು ಬೇಡ, ಊರೂ ಬೇಡ. ಸೆಮಿಫೈನಲ್ ಹಿಂದಿನ ರಾತ್ರಿ. ನಾವು ಉಳಿದುಕೊಂಡಿದ್ದ ಕಲ್ಯಾಣ ಮಂಟಪದ ಹೊರಗೆ ಟೀ ಅಂಗಡಿ. ಒಬ್ಬ ಬಂದು ಪಕ್ಕದಲ್ಲಿ ಕೂತ. ನಮ್ಮ ಟೀ ದುಡ್ಡು ಅವನೇ ಕೊಟ್ಟ. ಆಮೇಲೆ ನಿಧಾನಕ್ಕೆ, ನಾಳೆ ಎರಡನೇ ಹಾಫ್‌ನಲ್ಲಿ ನಿನ್ನ ಕಡೆಯಿಂದ ಸ್ವಲ್ಪ ಜಾಗ ಬಿಡು ಅಂದ. ಐದು ಸಾವಿರ. ಆಗ ನನ್ನ ತಿಂಗಳ ಸಂಬಳ ಮೂರೂವರೆ.

ನಾನು ಬೇಡ ಅಂದೆ. ಆದರೆ ಯಾರಿಗೂ ಹೇಳಲಿಲ್ಲ. ಕೋಚ್‌ಗೂ ಇಲ್ಲ. ಹೇಳಿದರೆ ನನ್ನ ಮೇಲೇ ಅನುಮಾನ ಬರುತ್ತದೆ ಅಂತ ಹೆದರಿಕೆ. ಮಾರನೇ ದಿನ ಎರಡನೇ ಹಾಫ್‌ನಲ್ಲಿ ಒಂದು ಚೆಂಡು ನನ್ನ ಕಾಲ ಕೆಳಗಿನಿಂದ ಜಾರಿ ಗೋಲ್ ಆಯಿತು. ನಿಜವಾಗಿ ಜಾರಿದ್ದು. ಮಳೆ ಬಂದು ನೆಲ ಕೆಸರಾಗಿತ್ತು. ಆದರೆ ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಆ ಮನುಷ್ಯ ಎಲ್ಲೋ ಕೂತು, ಹುಡುಗ ಬೇಡ ಅಂದರೂ ಕೆಲಸ ಮಾಡಿಕೊಟ್ಟ ಅಂದುಕೊಂಡಿರುತ್ತಾನೆ ಅನ್ನುವ ಯೋಚನೆ. ಇಪ್ಪತ್ತಾರು ವರ್ಷ ಆಯಿತು.

ಸ್ಕೋರ್‌ಬೋರ್ಡ್ ಸರ್ 1-1 ಬಗ್ಗೆ ಬರೆದದ್ದು ನನಗೆ ಬೇರೆ ಥರ ತಾಗಿತು. ಪೆನಿಂಗ್ಟನ್ ಮೊದಲೇ ಹೋಗಿ ಹೇಳಿಬಿಟ್ಟಿದ್ದ. ಹಾಗಾಗಿ ಡ್ರಾ ಆದಾಗಲೂ ಯಾರೂ ಅವನ ಕಡೆ ಬೆರಳು ತೋರಿಸುವ ಹಾಗಿರಲಿಲ್ಲ. ನಿದ್ದೆ ಮಾಡಿರುತ್ತಾನೆ.

ಬರ್ಮಿಂಗ್‌ಹ್ಯಾಮ್ ಕನ್ನಡತಿ

ಅಣ್ಣಾ, ನೀವು ಬೇಡ ಅಂದಿರಿ. ಅದು ಸಣ್ಣ ವಿಷಯ ಅಲ್ಲ. ಆ ವಯಸ್ಸಿನಲ್ಲಿ ಹೋಗಿ ಹೇಳುವುದಕ್ಕೆ ನಿಮ್ಮ ಮಾತು ನಂಬುವ ಒಬ್ಬರು ಇರಬೇಕು. ಪೆನಿಂಗ್ಟನ್‌ಗೆ ಎವರಿಸ್ ಇದ್ದರು. ನಿಮಗೆ ಯಾರೂ ಇರಲಿಲ್ಲ.

ಹಳೇ ಸ್ಕೋರ್‌ಬೋರ್ಡ್

ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ. ಫ್ರೆಡ್ ಎವರಿಸ್ ಆಲ್ಬಿಯನ್‌ಗೆ ಬಂದದ್ದು 1896ರಲ್ಲಿ, ಆಫೀಸ್ ಹುಡುಗನಾಗಿ. 1902ರಲ್ಲಿ ಸೆಕ್ರೆಟರಿ ಆದರು. 1948ರವರೆಗೆ ಅದೇ ಕುರ್ಚಿಯಲ್ಲಿದ್ದರು, 46 ವರ್ಷ! ಪೆನಿಂಗ್ಟನ್‌ಗಿಂತ ಒಂದೇ ಒಂದು ವರ್ಷ ಮುಂಚೆ ಸೆಕ್ರೆಟರಿ ಆದವರು. ಇಬ್ಬರೂ ಜೊತೆಯಲ್ಲೇ ಕ್ಲಬ್‌ನ ಬಿದ್ದ ದಿನ ಎದ್ದ ದಿನ ಎಲ್ಲಾ ನೋಡಿದವರು. 1910ರ ಸಂಬಳದ ಜಗಳ ಆದ ಮೇಲೂ ಪೆನಿಂಗ್ಟನ್ ನೇರವಾಗಿ ಅವರ ಹತ್ತಿರ ಹೋದ. ಅವರು ನಂಬಿದರು.

ಅಣ್ಣಾ, ಇಷ್ಟು ವರ್ಷ ಇಟ್ಟುಕೊಂಡದ್ದನ್ನು ಇಲ್ಲಿ ಹೇಳಿದ್ದಕ್ಕೆ ಧನ್ಯವಾದ.

ಕ್ರಾಂಪ್ಟನ್ ಅಭಿಮಾನಿ

ಎಲ್ಲರೂ ಪೆನಿಂಗ್ಟನ್ ಒಬ್ಬನನ್ನೇ ಹೊಗಳುತ್ತಿದ್ದೀರಿ. ಅವನ ಜೋಡಿಯನ್ನು ಮರೆತರೆ ಹೇಗೆ? ಬಾಬ್ ಕ್ರಾಂಪ್ಟನ್. ಬ್ಲ್ಯಾಕ್‌ಬರ್ನ್ ರೋವರ್ಸ್‌ನ ರೈಟ್ ಬ್ಯಾಕ್. ಇಂಗ್ಲೆಂಡಿಗೆ ಇವನು ಬಲಕ್ಕೆ, ಪೆನಿಂಗ್ಟನ್ ಎಡಕ್ಕೆ. ಇಬ್ಬರೂ ಜೊತೆಯಾಗಿ ಇಪ್ಪತ್ತಕ್ಕೂ ಹೆಚ್ಚು ಸಲ ನಿಂತಿದ್ದಾರೆ.

ಕ್ರಾಂಪ್ಟನ್ 1879ರಲ್ಲಿ ಬ್ಲ್ಯಾಕ್‌ಬರ್ನ್‌ನಲ್ಲೇ ಹುಟ್ಟಿದವನು. ಕಸುಬಿನಲ್ಲಿ ಪ್ಲಂಬರ್. ಒಂದೇ ಕ್ಲಬ್‌ಗೆ 500ಕ್ಕೂ ಹೆಚ್ಚು ಲೀಗ್ ಪಂದ್ಯ. 1902ರಿಂದ 1914ರವರೆಗೆ ಇಂಗ್ಲೆಂಡ್ ಪರ 41 ಪಂದ್ಯ. ವರ್ಷಕ್ಕೆ ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ಅಂತ ಮೂರು ಪಂದ್ಯ ನಡೆದರೆ ಹೆಚ್ಚು ಅನ್ನುವ ಕಾಲದಲ್ಲಿ 41! 1952ರಲ್ಲಿ ಬಿಲ್ಲಿ ರೈಟ್ ಬರುವವರೆಗೆ ಆ ದಾಖಲೆ ಮುರಿದವರಿಲ್ಲ. ಪ್ರೊಫೆಷನಲ್ ಆಟಗಾರನಾಗಿ ಅಷ್ಟು ಸಲ ಇಂಗ್ಲೆಂಡ್ ತಂಡದ ನಾಯಕನಾದದ್ದು ಆಗ ದೊಡ್ಡ ವಿಷಯ. ದುಡ್ಡು ತಗೊಳ್ಳದೆ ಆಡುವ ಶ್ರೀಮಂತ ಮನೆಯ ಅಮೆಚೂರ್‌ಗಳಿಗೇ ಆ ಗೌರವ ಸಲ್ಲಬೇಕು ಅನ್ನುವವರು ಬಹಳ ಜನ ಇದ್ದರು.

1911-12 ಮತ್ತು 1913-14ರಲ್ಲಿ ಬ್ಲ್ಯಾಕ್‌ಬರ್ನ್ ಲೀಗ್ ಗೆದ್ದಾಗ ನಾಯಕ ಇವನೇ. ಆದರೆ ಆಟಗಾರನಾಗಿ ಎಫ್‌ಎ ಕಪ್ ಕೈಗೆ ಸಿಗಲೇ ಇಲ್ಲ. 1928ರಲ್ಲಿ ಬ್ಲ್ಯಾಕ್‌ಬರ್ನ್ ಹಡರ್ಸ್‌ಫೀಲ್ಡನ್ನು 3-1ರಿಂದ ಸೋಲಿಸಿ ಕಪ್ ಗೆದ್ದಾಗ ಮ್ಯಾನೇಜರ್ ಆಗಿದ್ದ. ಪೆನಿಂಗ್ಟನ್‌ಗೆ ಅದೂ ಇಲ್ಲ.

ಕೂಲಿ ಲೆಕ್ಕ

ಅಮೆಚೂರ್ ಮಾತು ತೆಗೆದದ್ದು ಒಳ್ಳೆಯದಾಯಿತು. ಕೊರಿಂಥಿಯನ್ಸ್ ಅಂತ ಒಂದು ತಂಡ ಇತ್ತು. ದೊಡ್ಡ ಕಾಲೇಜುಗಳಲ್ಲಿ ಓದಿದವರದ್ದು. ಪೆನಾಲ್ಟಿ ನಿಯಮ ಬಂದಾಗ ಅದು ತಮಗೆ ಮಾಡಿದ ಅವಮಾನ ಅಂದುಕೊಂಡರು. ಬೇಕಂತಲೇ ಯಾರಾದರೂ ಫೌಲ್ ಮಾಡುತ್ತಾರೆ ಅಂತ ಊಹಿಸುವುದೇ ತಪ್ಪು ಅನ್ನುವ ನಂಬಿಕೆ ಅವರದು. ನೀತಿಯ ಆಟ ತಮ್ಮ ಮನೆ ಸ್ವತ್ತು, ಸಂಬಳಕ್ಕೆ ಆಡುವವನು ಸಂಬಳಕ್ಕೋಸ್ಕರ ಏನು ಬೇಕಾದರೂ ಮಾಡುತ್ತಾನೆ ಅನ್ನುವ ಭಾವನೆ ಅಂಥವರಲ್ಲಿತ್ತು. ಬ್ರಾಮಲ್ ಲೇನ್‌ನಲ್ಲಿ ಕಪ್ ಫೈನಲ್‌ನ ಕೊನೇ ಗಳಿಗೆಯಲ್ಲಿ ಟಫ್ನೆಲ್‌ನನ್ನು ಬಿಟ್ಟವನು ವಾರದ ಸಂಬಳದ ಮನುಷ್ಯ.

ರೂಲ್‌ಬುಕ್

ಒಂದು ಅನುಮಾನ ಹೇಳಲೇಬೇಕು. ಬೇಜಾರು ಮಾಡಿಕೊಳ್ಳಬೇಡಿ. ಟಫ್ನೆಲ್‌ನನ್ನು ಬೀಳಿಸಬಾರದು ಅಂತ ಪೆನಿಂಗ್ಟನ್ ಮನಸ್ಸಿನಲ್ಲಿ ತೀರ್ಮಾನ ಮಾಡಿದನಾ, ಅಥವಾ ಎರಡು ಗಂಟೆ ಆಡಿ ಸುಸ್ತಾಗಿ ಹಿಂದೆ ಬಿದ್ದನಾ? ಕಥೆ ಹೇಳುತ್ತಾ ಹೇಳುತ್ತಾ ಚೆಂದವಾಗುತ್ತದೆ ಅಲ್ವಾ?

ಗೌತಮಪುರದ ಬ್ಯಾಕ್

ಇದಕ್ಕೆ ನಾನು ಉತ್ತರ ಕೊಡುತ್ತೇನೆ.

ತೀರ್ಮಾನ ಅನ್ನುವುದು ಆ ಕ್ಷಣದಲ್ಲಿ ಆಗುವುದೇ ಇಲ್ಲ. ಅಷ್ಟು ಹೊತ್ತು ಯಾರಿಗೂ ಸಿಗುವುದಿಲ್ಲ. ಕಾಲು ತನಗೆ ರೂಢಿ ಇರುವುದನ್ನು ಮಾಡುತ್ತದೆ. ನನ್ನ ಕಾಲಿಗೆ ಅಡ್ಡ ಹೋಗುವುದು ರೂಢಿಯಾಗಿತ್ತು. ಅದಕ್ಕೇ ನಾನಾಗಿದ್ದರೆ ಬೀಳಿಸುತ್ತಿದ್ದೆ ಅಂತ ಅಷ್ಟು ಗಟ್ಟಿಯಾಗಿ ಬರೆದೆ. ಇನ್ನೂ ಅದೇ ಹೇಳುತ್ತೇನೆ, ಬೀಳಿಸುತ್ತಿದ್ದೆ. ಸುಸ್ತಾದಾಗಲಂತೂ ಇನ್ನೂ ಬೇಗ. ಸುಸ್ತಾದ ಬ್ಯಾಕ್ ಮಾಡುವ ಮೊದಲ ಕೆಲಸವೇ ಅಂಗಿ ಹಿಡಿಯುವುದು. ಕೈ ತಾನಾಗಿ ಹೋಗುತ್ತದೆ. ಅಷ್ಟು ಸುಸ್ತಾಗಿಯೂ ಅವನ ಕೈ ಹೋಗಲಿಲ್ಲ ಅಂದರೆ, ಆ ರೂಢಿಯೇ ಅವನಿಗೆ ಇರಲಿಲ್ಲ. ಒಂಬತ್ತು ವರ್ಷ ಹಾಗೇ ಆಡಿದ್ದ. ಅದಕ್ಕೆ ಕಪ್ ಹೋಯಿತು.

ಹಳೇ ಸ್ಕೋರ್‌ಬೋರ್ಡ್

ಆಟ ಆಡಿದವರು ಹೇಳಿದರೆ ಹೀಗಿರುತ್ತದೆ. ಇಷ್ಟು ದಿನ ನಾನು ಅದನ್ನು ಒಂದು ಕ್ಷಣದ ದೊಡ್ಡತನ ಅಂತಲೇ ನೋಡುತ್ತಿದ್ದೆ.

ಮುಂದಿನ ಕಥೆ ಹೇಳಿ ನಿಲ್ಲಿಸುತ್ತೇನೆ. 1915ರಲ್ಲಿ ಯುದ್ಧಕ್ಕೆ ಲೀಗ್ ನಿಂತಿತು. ನಾಲ್ಕು ಸೀಸನ್ ಹೋಯಿತು. ಪೆನಿಂಗ್ಟನ್‌ಗೆ 31 ಇದ್ದದ್ದು 36 ಆಯಿತು. ಬ್ಯಾಕ್ ಒಬ್ಬನಿಗೆ ಆಟ ಮುಗಿಯುವ ವಯಸ್ಸು. 1919ರಲ್ಲಿ ಲೀಗ್ ಮತ್ತೆ ಶುರುವಾದಾಗ ಅವನೇ ನಾಯಕ. ಆ ಸೀಸನ್ನಿನಲ್ಲಿ ಆಲ್ಬಿಯನ್ 42 ಪಂದ್ಯದಲ್ಲಿ 28 ಗೆದ್ದಿತು. 104 ಗೋಲ್. ಗೆದ್ದರೆ ಎರಡೇ ಅಂಕ ಸಿಗುತ್ತಿದ್ದ ಕಾಲದಲ್ಲಿ 60 ಅಂಕ. ಎರಡನೇ ಸ್ಥಾನದ ಬರ್ನ್ಲಿಗೆ 51. ಫ್ರೆಡ್ ಮಾರಿಸ್ ಒಬ್ಬನೇ 37 ಗೋಲ್ ಹೊಡೆದ. ಆಲ್ಬಿಯನ್ ಇವತ್ತಿನವರೆಗೂ ಇಂಗ್ಲೆಂಡ್ ಚಾಂಪಿಯನ್ ಆದದ್ದು ಅದೊಂದೇ ಸಲ.

ಅದೇ ಸೀಸನ್ನಿನಲ್ಲಿ, 1920ರ ಏಪ್ರಿಲ್ 10ರಂದು ಶೆಫೀಲ್ಡಿನಲ್ಲಿ, ಹಿಲ್ಸ್‌ಬರೋ ಮೈದಾನದಲ್ಲಿ, ಸ್ಕಾಟ್ಲೆಂಡ್ ವಿರುದ್ಧ ಇಂಗ್ಲೆಂಡಿಗೆ ಕೊನೇ ಸಲ ಆಡಿದ. ಮೊದಲ ಹಾಫ್ ಮುಗಿದಾಗ ಸ್ಕಾಟ್ಲೆಂಡ್ 4-2 ಮುಂದೆ. ಕೊನೆಗೆ ಇಂಗ್ಲೆಂಡ್ 5-4ರಿಂದ ಗೆದ್ದಿತು. ಎಂಟು ವರ್ಷದ ಹಿಂದೆ ಕಪ್ ಕಳೆದುಕೊಂಡದ್ದೂ ಅದೇ ಊರಿನಲ್ಲಿ.

1922ರಲ್ಲಿ ಆಟ ಬಿಟ್ಟ. 1970ರ ಸೆಪ್ಟೆಂಬರ್‌ನಲ್ಲಿ, 87ನೇ ವಯಸ್ಸಿನಲ್ಲಿ ತೀರಿಕೊಂಡ.

ಬರ್ಮಿಂಗ್‌ಹ್ಯಾಮ್ ಕನ್ನಡತಿ

ಇವತ್ತು ಸಂಜೆ ಮನೆಗೆ ಬರುವಾಗ ಹಾಥಾರ್ನ್ಸ್ ಸ್ಟಾಪ್‌ನಲ್ಲಿ ಇಳಿದೆ. ಮೈದಾನದ ಸುತ್ತ ಒಂದು ಸುತ್ತು ಹಾಕಿದೆ. ಟೋನಿ ಬ್ರೌನ್ ಪ್ರತಿಮೆ ಇದೆ, ಜೆಫ್ ಆಸ್ಟಲ್ ಹೆಸರಿನ ಗೇಟ್ ಇದೆ. ಇಬ್ಬರೂ ಗೋಲ್ ಹೊಡೆದು ಹೆಸರಾದವರು. ಗೇಟಿನ ಹತ್ತಿರ ನಿಂತು ಮಗನಿಗೆ ಫೋನ್ ಮಾಡಿ ಪೆನಿಂಗ್ಟನ್ ಕಥೆ ಹೇಳಿದೆ. ಅವನೂ ಸ್ಕೂಲ್ ತಂಡದಲ್ಲಿ ಲೆಫ್ಟ್ ಬ್ಯಾಕ್. ಪೂರ್ತಿ ಕೇಳಿ, ಅಮ್ಮಾ, ಓಡಿ ಮುಂದೆ ಹೋಗಿ ನಿಲ್ಲೋಕಾಗಲಿಲ್ವಾ ಅವರಿಗೆ ಅಂತ ಕೇಳಿದ. ನನಗೆ ಉತ್ತರ ಗೊತ್ತಾಗಲಿಲ್ಲ. ಗೌತಮಪುರದ ಅಣ್ಣಾ, ಏನು ಹೇಳಲಿ?

ಗೌತಮಪುರದ ಬ್ಯಾಕ್

ಹುಡುಗ ಸರಿಯಾದದ್ದನ್ನೇ ಕೇಳಿದ್ದಾನೆ ಅಕ್ಕಾ. ಅವನಿಗೆ ಹೀಗೆ ಹೇಳಿ. ಫಾರ್ವರ್ಡ್ ದಾಟಿದ ಮೇಲೆ ಅವನ ಹಿಂದೆ ಓಡಬಾರದು. ಗೋಲಿನ ಹತ್ತಿರದ ಕಂಬ ನೋಡಿಕೊಂಡು ನೇರ ಅಲ್ಲಿಗೆ ಓಡಬೇಕು. ಚೆಂಡು ತಳ್ಳಿಕೊಂಡು ಹೋಗುವವನಿಗೆ ನಮಗಿಂತ ಅರ್ಧ ಹೆಜ್ಜೆ ಹೆಚ್ಚು ಬೇಕಾಗುತ್ತದೆ. ನಾನು ಇಲ್ಲಿ ಭಾನುವಾರ ಬೆಳಿಗ್ಗೆ ಹದಿನಾಲ್ಕು ಹುಡುಗರಿಗೆ ಹೇಳಿಕೊಡುತ್ತೇನೆ. ಈ ವಾರ ಪೂರ್ತಿ ಇದನ್ನೇ ಮಾಡಿಸೋಣ ಅಂತಿದ್ದೇನೆ. ಕೈ ಎರಡೂ ಬೆನ್ನ ಹಿಂದೆ ಕಟ್ಟಿಕೊಂಡು ಓಡಬೇಕು, ಅಂಗಿ ಹಿಡಿಯುವ ಹಾಗಿಲ್ಲ.